ಮನೆಯ ವೈಫೈಗೆ ಮಾತ್ರ

ಹದಿನೇಳನೇ ತಾರೀಕು, ಮಂಗಳವಾರ
ಮಧ್ಯಾಹ್ನ, ಅಡುಗೆಮನೆಯ ಮೇಜು

ರೀ,

ಕ್ಷೇಮ ಅಂತ ಬರೆಯಲು ಕೈ ಬರುವುದಿಲ್ಲ, ಅದಕ್ಕೆ ನೇರ ವಿಷಯಕ್ಕೇ ಬರುತ್ತೇನೆ. ಮೆಸೇಜ್ ಮಾಡಬಹುದಿತ್ತು. ಆದರೆ ನೀವು ಓದಿದಿರಿ ಅಂತ ನೀಲಿ ಗುರುತು ಬಂದು, ಉತ್ತರ ಮಾತ್ರ ಬಾರದೆ, ನಾನು ದಿನವಿಡೀ ಫೋನಿನ ಮುಖ ನೋಡುತ್ತಾ ಕೂರುವುದು ಬೇಡ. ಕಾಗದಕ್ಕೆ ಆ ಚಾಳಿ ಇಲ್ಲ. ನಿಮ್ಮ ಅಣ್ಣನ ಮನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮ್ಮ ಅತ್ತಿಗೆ ಮೊದಲೇ ಒಡೆದು ಓದಿದರೆ ಓದಲಿ, ಅವರಿಗೆ ತಿಳಿಯದ್ದು ನಮ್ಮಲ್ಲಿ ಏನು ಉಳಿದಿದೆ.

ವಿಷಯ ಇಷ್ಟೇ. ಮನೆಯ ವೈಫೈ ಪಾಸ್‌ವರ್ಡ್ ಬದಲಾಯಿಸಿದ್ದೇನೆ.

ಬೇಕೆಂದು ಮಾಡಿದ್ದಲ್ಲ. ಡಾಕ್ಟರುಗಳು ಹೇಳಿ ಕಳಿಸುವ ವರದಿಗಳನ್ನು ಟೈಪ್ ಮಾಡುವ ಈ ಕೆಲಸವೊಂದೇ ನನ್ನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿರುವುದು. ಅದಕ್ಕೇ ಕುತ್ತು ಬಂದಿತ್ತು. ಶನಿವಾರ ಆಫೀಸಿನ ಕಂಪ್ಯೂಟರ್ ವಿಭಾಗದ ಹೆಂಗಸು ಫೋನ್ ಮಾಡಿ, ನಿಮ್ಮ ಮನೆ ನೆಟ್‌ವರ್ಕ್ ಒಳಗೆ ಯಾರೋ ಸೇರ್ಕೊಂಡಿದ್ದಾರೆ, ಅಲ್ಲಿಂದ ನಮ್ಮ ಬಾಗಿಲು ತಟ್ತಾ ಇದ್ದಾರೆ, ಅದು ಸರಿಯಾಗೋ ತನಕ ಒಂದು ವರದಿನೂ ಕಳಿಸಲ್ಲ ಅಂದಳು. ರೋಗಿಗಳ ಗುಟ್ಟು, ತಮಾಷೆಯಲ್ಲ. ಸರಿ, ನೀವೇ ಹೇಳಿಕೊಡಿ ಅಂದೆ.

ಮೊದಲು ರೌಟರಿನ ಪುಟ ತೆರೆಸಿದಳು. ಅದರೊಳಗೆ ಹೋಗಲು ಬೇರೆ ಪಾಸ್‌ವರ್ಡ್ ಇರುತ್ತದಂತೆ, ವೈಫೈಗೆ ಹಾಕುವುದಲ್ಲ. ನಮ್ಮಲ್ಲಿ ಎರಡೂ ಒಂದೇ ಅಂದೆ. ಅಯ್ಯೋ, ಮುಂಬಾಗಿಲಿಗೂ ಬೀರುವಿಗೂ ಒಂದೇ ಬೀಗದ ಕೈ ಇಟ್ಕೊಂಡಿದೀರಲ್ಲ ಮೇಡಂ ಅಂದಳು. ನನಗೆ ಚುರುಕ್ಕೆಂದಿತು. ನಮ್ಮ ಚೂಟಿ ಎಲ್ಲಾ ಸರಿಯಾಗಿಯೇ ಮಾಡಿದ್ದಳು. ಮಾಡಿದ ತಪ್ಪು ಇದೊಂದೇ, ಅದೂ ಅಮ್ಮನಿಗೆ ಎರಡೆರಡು ನೆನಪಿರಲ್ಲ ಅಂತ.

ಹೆಂಗಸಿಗೆ ನಾನು ಅದನ್ನೆಲ್ಲ ಹೇಳಲಿಲ್ಲ.

ನಿಮಗೆ ನೆನಪಿದೆಯಲ್ಲ, ರೌಟರ್ ತಂದ ದಿನ ಅವಳು ನಮ್ಮಿಬ್ಬರನ್ನೂ ಸೋಫಾದ ಮೇಲೆ ಕೂರಿಸಿ ಪಾಠ ಮಾಡಿದ್ದು. ಪಾಸ್‌ವರ್ಡ್ ಉದ್ದ ಇರಬೇಕು, ಹುಟ್ಟಿದ ತಾರೀಕು ಗಿರೀಕು ಇಡಬಾರದು, ಯಾರಿಗೂ ಬರೆದು ಕೊಡಬಾರದು ಅಂತ. ಕೊನೆಗೆ, ಅಮ್ಮ ದಿನಾ ಮಲಗೋವಾಗ ನನ್ನ ಬಾಗಿಲಲ್ಲಿ ನಿಂತು ಬೈತಾಳಲ್ಲ, ಅದನ್ನೇ ಇಡ್ತೀನಿ, ಯಾವ ಕಳ್ಳನಿಗೂ ಹೊಳೆಯಲ್ಲ ಅಂದಳು. ನೀವು ಹೊಟ್ಟೆ ಹಿಡಿದು ನಕ್ಕಿರಿ. ಆ ಮಾತುಗಳನ್ನು ಇಲ್ಲೂ ಬರೆಯುವುದಿಲ್ಲ. ಕಾಗದದ ಮೇಲೆ ಬರೆಯಬಾರದು ಅಂತ ಅವಳ ಕಟ್ಟಪ್ಪಣೆ.

ಅದನ್ನು ಮುರಿದವರು ನೀವು. ದೂರುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೆ. ಅವಳು ನಮ್ಮನ್ನು ಬಿಟ್ಟು ಹೋದ ವಾರ ಮನೆ ತುಂಬ ಜನ. ಬಂದವರೆಲ್ಲ ಕಣ್ಣೊರೆಸಿಕೊಂಡ ಮೇಲೆ ವೈಫೈ ಪಾಸ್‌ವರ್ಡ್ ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಆ ಮಾತನ್ನು ಬಾಯಿ ಬಿಟ್ಟು ಹೇಳಲು ನಿಮ್ಮಿಂದ ಆಗಲಿಲ್ಲ. ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಿರಿ. ಜನ ಅದರ ಫೋಟೋ ತೆಗೆದುಕೊಂಡರು, ಕೆಳಗಿನ ಮನೆಗೂ ಎದುರು ಸಾಲಿಗೂ ಹಂಚಿದರು. ಶನಿವಾರ ಪಟ್ಟಿ ತೆರೆದರೆ ನಮ್ಮ ವೈಫೈಯಲ್ಲಿ ಅರ್ಧ ಬೀದಿಯೇ ವಾಸವಾಗಿತ್ತು. ಹಂಚಿಕೊಂಡವರಲ್ಲೇ ಯಾರೋ ಒಬ್ಬ ಖದೀಮ ಅದೇ ಪಾಸ್‌ವರ್ಡಿನಲ್ಲಿ ರೌಟರಿನ ಒಳಕ್ಕೂ ಹೋಗಿದ್ದ.

ಆ ಪಟ್ಟಿಯ ನಡುವೆ ಅವಳಿಟ್ಟ ಹೆಸರುಗಳಿದ್ದವು ರೀ. ನಿಮ್ಮ ಫೋನು ಗೊರಕೆ, ಹೆಸರಿಟ್ಟವು ಮನೆ ಬಿಟ್ಟರೂ ಪಟ್ಟಿ ಬಿಡುವುದಿಲ್ಲವಂತೆ. ನನ್ನದು ಹೈಕೋರ್ಟು. ಪ್ರಿಂಟರು ಮೊಂಡ. ಟಿವಿಗೆ ಸವತಿ ಅಂತ ಇಟ್ಟಿದ್ದಾಳೆ ಕತ್ತೆ. ಅಪರಿಚಿತರ ಹೆಸರು ಹೇಳ್ತಾ ಹೋಗಿ ಮೇಡಂ ಅಂತ ಆ ಹೆಂಗಸು ಕಾಯುತ್ತಿದ್ದಳು, ನಾನು ನಮ್ಮ ಹೆಸರುಗಳನ್ನೇ ಓದುತ್ತಾ ಹೋದೆ. ಸವತಿ ಅನ್ನುವುದು ಯಾರು ಅಂತ ಅವಳೇ ಕೇಳಿದಳು. ನಮ್ಮ ಮನೆಯದೇ ಅಂದೆ.

ಹೊರಗಿನವರು ಕೇಳಿದರೆ ನಗುತ್ತಾರೆ, ಟಿವಿಗಾಗಿ ಮನೆ ಮುರಿಯಿತು ಅಂತ. ಅವಳಿಲ್ಲದ ಮನೆಯ ಸದ್ದಿಲ್ಲದಿರುವಿಕೆ ನಿಮ್ಮಿಂದ ತಡೆಯಲಾಗದೆ ಹಗಲಿಡೀ ಅದನ್ನು ಹಾಕುತ್ತಿದ್ದಿರಿ. ಅವಳಿಲ್ಲದ ಮನೆಯಲ್ಲಿ ಯಾರೋ ನಗುವುದು ನನ್ನಿಂದ ತಡೆಯಲಾಗದೆ ನಾನು ಆರಿಸುತ್ತಿದ್ದೆ. ಕೊನೆಗೊಂದು ದಿನ ನೀವು ಅವಳ ಟ್ಯಾಬನ್ನಷ್ಟೇ ಚೀಲಕ್ಕೆ ಹಾಕಿಕೊಂಡು, ಇಲ್ಲಿ ಉಸಿರಾಡಕ್ಕಾಗಲ್ಲ ಅಂತ ಮೆಟ್ಟಿಲಿಳಿದಿರಿ. ನಾನು ತಡೆಯಲಿಲ್ಲ. ನನಗೂ ಉಸಿರಾಡಲು ಆಗುತ್ತಿರಲಿಲ್ಲ.

ಶನಿವಾರ ಸಂಜೆ, ಯಾರನ್ನು ಬಿಡಬೇಕು ಯಾರನ್ನು ಹೊರಗೆ ಹಾಕಬೇಕು ಅಂತ ಪಟ್ಟಿ ನೋಡುತ್ತಾ ಕೂತಿದ್ದೆ. ತುದಿಯಲ್ಲಿ ಹೊಸದೊಂದು ಸಾಲು ಬಂತು. ಇಂಗ್ಲಿಷ್ ಅಕ್ಷರ, ನಮ್ಮ ಮಾತು: ನಾನೇ.

ಶಾಲೆಯಿಂದ ಬಂದು ಬೆಲ್ ಒತ್ತಿದರೆ, ಯಾರು ಅಂತ ಒಳಗಿಂದ ಕೇಳಿದರೆ, ಅವಳು ಹೇಳುತ್ತಿದ್ದುದು ಅದನ್ನೇ. ಒಂದು ಕ್ಷಣ ಬಾಗಿಲ ಕಡೆಗೇ ಎದ್ದು ಹೋದೆ, ಸುಳ್ಳು ಯಾಕೆ ಹೇಳಲಿ. ಬುದ್ಧಿ ನೆಟ್ಟಗಾದ ಮೇಲೆ ಕಿಟಕಿಗೆ ಬಂದು ಪರದೆ ಸರಿಸಿದೆ. ಎದುರಿಗೆ, ಬಟ್ಟೆ ಒಗೆಯುವ ಅಂಗಡಿಯ ತಗಡಿನ ಕೆಳಗೆ, ನಿಮ್ಮ ಡ್ರೈವಿಂಗ್ ಸ್ಕೂಲಿನ ಕಾರು. ನೀವು ಏನೂ ನೋಡುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಟ್ಯಾಬನ್ನು ಗಾಜಿಗೆ ಒರಗಿಸಿ ನಮ್ಮ ಮನೆಯ ಕಡೆ ತಿರುಗಿಸಿ, ಕೈಕಟ್ಟಿ ಕೂತಿದ್ದಿರಿ. ಸ್ವಲ್ಪ ಹೊತ್ತಿಗೆ ಕಾರು ಹೋಯಿತು. ಪಟ್ಟಿಯಿಂದ ಆ ಸಾಲೂ ಹೋಯಿತು.

ನನಗೆ ಮೊದಲು ಬಂದದ್ದು ಸಿಟ್ಟು. ಈ ಮನುಷ್ಯನಿಗೆ ಮೇಲೆ ಹತ್ತಿ ಬರಲು ಕಾಲಿಲ್ಲವೇ, ಕದ್ದು ನಿಲ್ಲಲು ನಾನೇನು ಹುಲಿಯೇ ಕರಡಿಯೇ ಅಂತ. ಭಾನುವಾರವೂ ಬಂದಿರಿ. ಆವಾಗ ಚೂಟಿ ಮಲಗಿದ್ದ ಆಸ್ಪತ್ರೆಯ ನೆನಪಾಯಿತು. ಅಲ್ಲಿ ಪಾಸ್‌ವರ್ಡ್ ಇಲ್ಲದ ವೈಫೈ ಬೇಕಾದಷ್ಟಿತ್ತು, ನರ್ಸಮ್ಮ ಕೂಡ ಹಾಕಿಕೋ ಅಂದರು. ಇವಳು ಜಪ್ಪಯ್ಯ ಅನ್ನಲಿಲ್ಲ. ಯಾರ್ಯಾರೋ ಕೈ ಹಾಕಿದ ನೀರು ಅದು, ನಂಗೆ ಬೇಡ, ಮನೆಗೆ ಹೋದ್ಮೇಲೆ ಹಾಕ್ಕೋತೀನಿ ಅಂದಳು. ಗೆಳತಿಯರಿಗೆ ಕಳಿಸಬೇಕಾದ ಫೋಟೋಗಳನ್ನೆಲ್ಲ ಹಾಗೇ ಉಳಿಸಿಕೊಂಡಿದ್ದಳು. ಮನೆಗೆ ಹೋದ ಮೇಲೆ ಅನ್ನುವುದು ಬರಲೇ ಇಲ್ಲ. ನೀವು ಬಹುಶಃ ನಿಮ್ಮ ಅಣ್ಣನ ಮನೆಯ ವೈಫೈಯನ್ನು ಆ ಟ್ಯಾಬಿಗೆ ಸೋಕಿಸಿಯೂ ಇಲ್ಲ.

ಆದರೆ ಕೆಲಸ ಕೆಲಸವೇ. ಒಳಗೆ ಹೊಕ್ಕವನು ಏನೇನು ತೆರೆದಿಟ್ಟಿದ್ದಾನೋ ಹುಡುಕುವುದಕ್ಕಿಂತ ಎಲ್ಲ ಅಳಿಸಿ ಹೊಸದಾಗಿ ಕಟ್ಟುವುದೇ ಸರಿ ಅಂದಳು ಹೆಂಗಸು. ಹೆಸರುಗಳೂ ಹೋಗುತ್ತವೆಯೇ ಅಂತ ಕೇಳಿದೆ. ರೌಟರಿನಲ್ಲಿ ಇಟ್ಟ ಹೆಸರೆಲ್ಲ ಹೋಗತ್ತೆ ಅಂದಳು. ನಿನ್ನೆ ಮಧ್ಯಾಹ್ನ ರೌಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹಿಡಿದೆ. ದೀಪಗಳೆಲ್ಲ ಒಮ್ಮೆಗೇ ಆರಿದವು. ಅವಳ ಬಟ್ಟೆ ಬರೆ ಕಟ್ಟಿಡುವಾಗ ಅಳದವಳು ಆ ಪ್ಲಾಸ್ಟಿಕ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ.

ಈಗ ಎಲ್ಲ ಕ್ರಮವಾಗಿದೆ. ರೌಟರಿಗೆ ಒಂದು, ವೈಫೈಗೆ ಒಂದು, ಎರಡೂ ಬೇರೆ ಪಾಸ್‌ವರ್ಡ್, ಎರಡೂ ಉದ್ದ. ಹೊಸ ಅಪ್‌ಡೇಟ್ ಹಾಕಿದೆ. ಚೀಟಿ ಕಿತ್ತೆ, ಫ್ರಿಜ್ಜಿನ ಬಣ್ಣ ಸ್ವಲ್ಪ ಎದ್ದು ಬಂತು. ಬೀದಿಯವರು ಒಬ್ಬೊಬ್ಬರಾಗಿ ಬಂದು ನೆಟ್ ಯಾಕೆ ಬರುತ್ತಿಲ್ಲ ಅಂತ ನನ್ನನ್ನೇ ಕೇಳಿ ಹೋದರು. ಇವತ್ತು ಬೆಳಿಗ್ಗೆಯಿಂದ ವರದಿಗಳು ಬರುತ್ತಿವೆ. ನಿಮ್ಮ ಫೋನೂ ಇನ್ನು ಇಲ್ಲಿ ಹಿಡಿಯುವುದಿಲ್ಲ. ತಿಳಿದಿರಲಿ ಅಂತ ಬರೆದೆ.

ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ,
ಹೈಕೋರ್ಟು

ಮರೆತ ಮಾತು: ಮನೆಗೆ ಬಂದು ಹೋಗುವವರಿಗೆ ಬೇರೆಯದೇ ಒಂದು ವೈಫೈ ಇಡಬಹುದಂತೆ. ಬಂದವರು ಹಜಾರದಲ್ಲಿ ಕೂರಬಹುದು, ನನ್ನ ಕೆಲಸದ ಕೋಣೆಗೆ ನುಗ್ಗಲಾಗದು. ಅದನ್ನೂ ಮಾಡಿದೆ. ಅದಕ್ಕೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡೇ ಇಟ್ಟೆ. ಮೇಡಂ ಇದು ಸರಿಯಲ್ಲ ಅಂತ ಹೆಂಗಸು ಗೊಣಗಿದಳು. ಒಂದೇ ಒಂದು ಯಂತ್ರಕ್ಕೆ ಬಾಗಿಲು ತೆಗೆಯುವ ಹಾಗೆ ಮಾಡಿಕೊಡಮ್ಮ ಅಂದೆ, ಆ ಟ್ಯಾಬಿನ ಗುರುತನ್ನು ಅಳಿಸುವ ಮೊದಲೇ ಬರೆದಿಟ್ಟುಕೊಂಡಿದ್ದೆ. ಯಾರದು ಅಂತ ಕೇಳಿದಳು. ಮಗಳದು ಅಂದೆ. ಗುರುತಿನ ಅಂಕಿಗಳನ್ನ ಒಂದೊಂದಾಗಿ ಓದಿ ಹೇಳಿ ಮೇಡಂ ಅಂದಳು.

ನಿನ್ನೆ ಸಂಜೆ ಪಟ್ಟಿಯಲ್ಲಿ ಒಂದು ಹೆಸರೂ ಉಳಿದಿರಲಿಲ್ಲ. ನೀವಿಲ್ಲ, ನಾನಿಲ್ಲ, ಸವತಿಯಿಲ್ಲ, ಎಲ್ಲ ಬರೀ ಅಂಕಿ ಅಕ್ಷರ. ನಿಮ್ಮ ಕಾರು ಬಂದು ನಿಂತ ಮೇಲೆ ಒಂದೇ ಒಂದು ಹೆಸರು ಬಂತು. ಅದನ್ನು ಅವಳು ರೌಟರಿನಲ್ಲಲ್ಲ, ಟ್ಯಾಬಿನೊಳಗೇ ಬರೆದಿದ್ದಳಂತೆ, ಅದು ಹೋಗುವುದಿಲ್ಲವಂತೆ.

ಟಿವಿ ಹಾಕಿಯೇ ಇಡುತ್ತೇನೆ ರೀ. ಅವಳನ್ನು ಹಾಗೆ ಬೀದಿಯಲ್ಲಿ ಕಾರಿನೊಳಗೆ ಕೂರಿಸಬೇಡಿ. ಮನೆಯೊಳಗೆ ಕರೆದುಕೊಂಡು ಬನ್ನಿ.