ಅಪ್ಪ ಹಾಕಿದ ಎಲಾಸ್ಟಿಕ್

ನವೆಂಬರ್ ೧೪, ಭಾನುವಾರ

ಬಟನ್ ನುಂಗಿ ‘ಬಟನ್’ ಎಂದೇ ಹೆಸರಾದ ನನ್ನ ಮುದ್ದು ತಮ್ಮನಿಗೆ,

ಅಕ್ಕನ ಆಶೀರ್ವಾದ. ನೀನು, ನಿನ್ನ ಹೆಂಡತಿ, ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅಮ್ಮ ಇಪ್ಪತ್ತರ ವಯಸ್ಸಿನಲ್ಲಿ ಹಾಡಿದ ಆ ಒಂದೇ ಒಂದು ಗ್ರಾಮಫೋನ್ ಪ್ಲೇಟನ್ನು ಎರಡು ದಿನದಲ್ಲಿ ಕಂಪ್ಯೂಟರಿಗೆ ಇಳಿಸಿ ಕಳಿಸುತ್ತೇನೆ ಎಂದವಳು ಎರಡು ತಿಂಗಳು ಮಾಡಿದೆ. ಎಷ್ಟು ಬೇಕೋ ಅಷ್ಟು ಬೈದುಕೋ.

ಆದರೆ ನನ್ನ ಪಾಡನ್ನೂ ಕೇಳು. ಅಪ್ಪನ ರೆಕಾರ್ಡ್ ಪ್ಲೇಯರನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, ಅದರ ಕೆಂಪು ಬಿಳಿ ವೈರುಗಳನ್ನು ಕಂಪ್ಯೂಟರಿನ ಮೈಕಿನ ತೂತಿಗೆ ಸಿಕ್ಕಿಸಿದೆ. ಒಂದು ಗಂಟೆ ರೆಕಾರ್ಡ್ ಮಾಡಿದೆ. ತೆರೆದು ಕೇಳಿದರೆ ಬರೀ ನನ್ನ ಹೊಲಿಗೆ ಯಂತ್ರದ ಸದ್ದು, ನಡುನಡುವೆ ನಾನು ಗಿರಾಕಿಗಳಿಗೆ ‘ನಾಳೆ ಬನ್ನಿ’ ಅಂದದ್ದು! ಕೊನೆಗೆ ಮೂಲೆ ಅಂಗಡಿಯ ರಿಪೇರಿಯವರನ್ನು ಕರೆದೆ.

“ಪ್ಲೇಯರಿನ ದನಿ ಬಹಳ ಸಣ್ಣದು ಅಕ್ಕಾ, ಕಂಪ್ಯೂಟರು ತನ್ನದೇ ಮೈಕಿನಿಂದ ಅಂಗಡಿ ಸದ್ದು ಹಿಡಿದಿದೆ. ಮಧ್ಯೆ ಒಂದು ಆಂಪ್ಲಿಫೈಯರ್ ಬೇಕು” ಎಂದು ಅಂಗೈಯಗಲದ ಡಬ್ಬಿಯೊಂದನ್ನು ಜೋಡಿಸಿದರು. ಹಾಡು ಬಂತು. ನಮ್ಮ ಅಮ್ಮ, ಅದೇ ದಪ್ಪ ದನಿ, ಅದೇ ನಿಧಾನ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವರು “ಏನೋ ಎಳೀತಾ ಇದೆಯಲ್ಲಾ” ಎಂದು ತಿರುಗುವ ತಟ್ಟೆಯನ್ನು ಎತ್ತಿ ನೋಡಿ ನಕ್ಕೇಬಿಟ್ಟರು. “ತಟ್ಟೆ ತಿರುಗಿಸೋ ಬೆಲ್ಟೇ ಇಲ್ಲ! ಇದು ಚಡ್ಡಿಗೆ ಹಾಕೋ ಎಲಾಸ್ಟಿಕ್ ಅಲ್ವಾ?”

ಅಪ್ಪ ಹೊಲಿದು ಹಾಕಿದ್ದು ಕಣೋ! ಅಮ್ಮ ತೀರಿಕೊಂಡ ವರ್ಷವೇ ಬೆಲ್ಟ್ ತುಂಡಾಗಿತ್ತು, ಈಗ ನೆನಪಾಗುತ್ತಿದೆ. ಹೊಸ ಬೆಲ್ಟ್ ಹಾಕಿ ಹಾಡಿಸಿದರೆ ಯಾರೋ ಹುಡುಗಿ. ತೆಳು ದನಿ, ಚುರುಕು, ಸ್ವಲ್ಪ ತುಂಟಿ. “ಇದು ನಮ್ಮಮ್ಮ ಅಲ್ಲ” ಎಂದೆ.

“ಇದೇ ಸರಿಯಾದ ಸ್ಪೀಡು. ಎಲಾಸ್ಟಿಕ್ ಜಾರಿ ತಟ್ಟೆ ನಿಧಾನ ತಿರುಗ್ತಿತ್ತು. ಇಷ್ಟು ವರ್ಷ ನೀವು ಕೇಳಿದ್ದೇ ತಪ್ಪು” ಎಂದರು.

ಅಂದಿನಿಂದ ತಲೆ ಕೆಟ್ಟು ಹೋಗಿದೆ. ಅಪ್ಪನಿಗೆ ಗೊತ್ತಾಗಲಿಲ್ಲವೇ? ಅರ್ಧ ಇಂಚು ತಪ್ಪಿದರೆ ಇಡೀ ಅಂಗಿಯ ಹೊಲಿಗೆ ಬಿಚ್ಚುತ್ತಿದ್ದ ಮನುಷ್ಯ, ವಾರವಾರವೂ ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದರಲ್ಲ! ಅವರಿದ್ದಿದ್ದರೆ ಕೇಳಬಹುದಿತ್ತು. ಎಲಾಸ್ಟಿಕ್ ಹಾಕಿ ಒಂದು, ಬೆಲ್ಟ್ ಹಾಕಿ ಒಂದು ರೆಕಾರ್ಡ್ ಮಾಡಿ, ಸೋದರತ್ತೆಗೆ ಎರಡನ್ನೂ ಕೇಳಿಸಿ, ಯಾವುದು ಅಮ್ಮನ ದನಿ ಎಂದು ಕೇಳಿದೆ.

“ನಂಗೇನು ಗೊತ್ತು? ಆ ಮನೇಲಿ ಮಾತಾಡ್ತಿದ್ದೋರು ನಾವು. ಅವಳೆಲ್ಲಿ ಬಾಯಿ ಬಿಡ್ತಿದ್ಲು” ಎಂದು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಪೆನ್‌ಡ್ರೈವಿನಲ್ಲಿ ಎರಡೂ ಇವೆ. ಒಂದಕ್ಕೆ ‘ಎಲಾಸ್ಟಿಕ್’, ಇನ್ನೊಂದಕ್ಕೆ ‘ಬೆಲ್ಟ್’ ಎಂದು ಹೆಸರಿಟ್ಟಿದ್ದೇನೆ. ‘ಅಮ್ಮ’ ಎಂದು ಯಾವುದಕ್ಕೆ ಇಡಬೇಕೋ ತಿಳಿಯಲಿಲ್ಲ. ಮಗಳಿಗೆ ಯಾವುದನ್ನು ಕೇಳಿಸುತ್ತೀಯೋ ನಿನಗೆ ಬಿಟ್ಟದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗಳ ಪರೀಕ್ಷೆ ಸುಸೂತ್ರವಾಗಿ ಆಗಲಿ. ಮೂವರೂ ನೂರು ಕಾಲ ಸುಖವಾಗಿರಿ.

ನಿನ್ನ ಅಕ್ಕ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮ ಹೋದಾಗ ನಿನಗೆ ಎರಡು ವರ್ಷ, ನನಗೆ ಒಂಬತ್ತು. ಸ್ವಲ್ಪ ದೊಡ್ಡವನಾದ ಮೇಲೆ ಜ್ವರ ಬಂದಾಗಲೆಲ್ಲ ನೀನು ‘ಅಮ್ಮನ ಥರ ಮಾತಾಡು’ ಎಂದು ಅಳುತ್ತಿದ್ದೆ. ನಾನು ದನಿ ದಪ್ಪ ಮಾಡಿ, ಎಳೆದೆಳೆದು ‘ಮಲಕ್ಕೋ ಕಂದಾ’ ಎಂದರೆ ಸುಮ್ಮನಾಗುತ್ತಿದ್ದೆ. ಹೋದ ವರ್ಷ ನಿನ್ನ ಆಪರೇಷನ್ನಿನ ಮೊದಲು ನೀನು ಫೋನ್ ಮಾಡಿದಾಗಲೂ ಅದನ್ನೇ ಕೇಳಿದೆ, ಐವತ್ತು ದಾಟಿದವನು. ಒಂಬತ್ತು ವರ್ಷದವಳಿಗೆ ಅಮ್ಮನ ದನಿ ನೆನಪಿರಬೇಕಿತ್ತು. ನನಗಿಲ್ಲ ಕಣೋ. ಆ ದನಿಯನ್ನು ನಾನು ಕಲಿತದ್ದು ಎಲಾಸ್ಟಿಕ್ ಹಾಕಿದ ಆ ಪ್ಲೇಯರಿನಿಂದ. ಅಳತೆಗೆಂದು ಕೊಟ್ಟ ಅಂಗಿಯೇ ತಪ್ಪಾಗಿದ್ದರೆ ಹೊಲಿಯುವವಳು ಏನು ಮಾಡಿಯಾಳು? ‘ಬೆಲ್ಟ್’ ಅನ್ನು ಮೊದಲು ಕೇಳು. ಇನ್ನೊಮ್ಮೆ ನಿನಗೆ ಹುಷಾರು ತಪ್ಪಿದರೆ ನಾನು ಯಾವ ದನಿಯಲ್ಲಿ ಮಾತಾಡಲಿ ಎಂದು ಬರೆ.