ಟ್ರಂಕಿನ ಕೀಲಿಕೈ

ಜುಲೈ 20, 1947. ರವಿವಾರ
ಸ್ನಾನ. ಜನಿವಾರಕ್ಕೆ ಕಟ್ಟಿದ ಮನೆಯ ಕೀಲಿಕೈ ಹಂಡೆಗೆ ಬಡಿದು ಟಣ್ ಎಂದಿತು. ಒಳಗಿನಿಂದ ಅವ್ವನ ದನಿ, ಪ್ರತಿ ರವಿವಾರದ್ದೇ — "ವೆಂಕಟೇಶನ ಟ್ರಂಕಿನ ಕೀಲಿಕೈ ಸಿಕ್ಕಿತೇನೋ ಮಾರ್ತಾಂಡಾ?"

ಮೂರು ವರ್ಷವಾಯಿತು. ತಮ್ಮ ಹೋದ, ಟ್ರಂಕು ಬಂತು. ಕೀಲಿ ಹಾಕಿದ್ದು ಹಾಕಿದಂತೆಯೇ. ಮುಂಬೈ ಕಡೆಯ ಮದ್ದುಗುಂಡಿನ ಕಾರ್ಖಾನೆಯಿಂದ ಜತೆಗೊಂದು ಕಾಗದ: ಅಪಘಾತದಲ್ಲಿ ಮರಣ, ಯುದ್ಧಕಾಲ, ಹೆಚ್ಚು ತಿಳಿಸಲು ಬರುವುದಿಲ್ಲ. ಕೀಲಿ ಒಡೆಯುತ್ತೇನೆ ಎಂದರೆ ಅವ್ವ ಟ್ರಂಕಿನ ಮೇಲೆಯೇ ಕುಳಿತುಬಿಡುತ್ತಾಳೆ. "ಅವನ ವಸ್ತು ಅವನ ಕೀಲಿಕೈಲೇ ತಗೀಬೇಕು." ಆಯಿತು ತಾಯಿ.

ಜುಲೈ 24
ಶಾಲೆಯಲ್ಲಿ ಹದಿನೈದನೇ ತಾರೀಖಿನ ತಯಾರಿ. ಹೆಡ್‌ಮಾಸ್ತರರು ದೇಶಕ್ಕಾಗಿ ಪ್ರಾಣ ಕೊಟ್ಟ ಬೆಟಗೇರಿಯವರ ಪಟ್ಟಿ ಮಾಡುತ್ತಿದ್ದಾರೆ. ವೆಂಕಟೇಶನ ಹೆಸರು ಹೇಳಿದೆ. ಕನ್ನಡಕ ಹಣೆಗೇರಿಸಿದರು.

"ನಿಮ್ಮ ತಮ್ಮ ಇಂಗ್ರೇಜರ ಗುಂಡಿಗೆ ಮದ್ದು ತುಂಬಿದಾಂವ್ರೀ ಮಾಸ್ತರ. ಆ ಗುಂಡು ಯಾರ ಎದಿಗೆ ಹೊಕ್ಕಿತೋ ಏನೋ. ಹೆಂಗ ಬರೀಲಿ?"

ನೀವು ಮೂವತ್ತು ವರ್ಷ ತಿಂದ ಪಗಾರ ಯಾರದು ಎಂದು ನಾಲಿಗೆ ತುದಿಗೆ ಬಂತು. ನುಂಗಿದೆ. ಹತ್ತೊಂಬತ್ತರ ಹುಡುಗ. ಮನೆಯಲ್ಲಿ ಜೋಳ ಇರಲಿಲ್ಲ, ಹೋದ. ಇಷ್ಟೇ.

ಹೇಗೆ ಸತ್ತ ಎಂಬುದನ್ನಾದರೂ ತಿಳಿದೇ ತೀರುತ್ತೇನೆ. ಯಾರದೋ ತಪ್ಪು ಇರಲೇಬೇಕು.

ಜುಲೈ 27. ರವಿವಾರ
ಯಳವತ್ತಿಗೆ ಹೋಗಿ ಬಂದೆ. ಚಕ್ಕಡಿಯಲ್ಲಿ ಸೊಂಟ ಹೋಯಿತು. ಅಲ್ಲಿಯ ಹುಚ್ಚೀರಪ್ಪ ವೆಂಕಟೇಶನ ಜತೆ ಅದೇ ಕಾರ್ಖಾನೆಯಲ್ಲಿದ್ದವನು, ಬದುಕಿ ಬಂದವನು. ಒಂದು ಕಿವಿ ಪೂರಾ ಹೋಗಿದೆ. ಇನ್ನೊಂದರಲ್ಲಿ ಕೂಗಿ ಕೇಳಬೇಕು. ಓಣಿಯೆಲ್ಲ ಕಿವಿಗೊಟ್ಟಿತು.

"ಮದ್ದಿಗೆ ಕಬ್ಬಣ ತಾಗಬಾರದ್ರಿ. ಒಂದು ಕಿಡಿ ಬಿತ್ತಂದ್ರ ಮುಗೀತು. ಉಂಗುರ, ಉಡದಾರ, ಎಲ್ಲಾ ಗೇಟಿನ್ಯಾಗ ಬಿಚ್ಚಿಟ್ಟು ಹೋಗಬೇಕು. ಅವತ್ತು ಯಾರೋ ಕಬ್ಬಣ ಒಳಗ ಒಯ್ದಾರ. ಗೇಟಿನ್ಯಾಗ ಮೈ ತಡವಿ ಝಡತಿ ಮಾಡಾಂವ ನೋಡಿಲ್ಲ. ನಾಕು ಮಂದಿ ಹೋದ್ರು."

"ಝಡತಿ ಮಾಡಾಂವ ಯಾರೋ?"

"ನಬಿಸಾಬ. ನಮ್ಮ ಕಡ್ಯಾಂವನ. ಅವನ್ನ ನೌಕರಿಯಿಂದ ತಗದ್ರು. ಈಗ ಮುಂಡರಗಿಯೊಳಗ ಹತ್ತಿ ಅರಳಿ ತುಂಬೋ ವಖಾರದ ವಾಚಮನ್ ಅದಾನ."

ಸಿಕ್ಕ!

ಜುಲೈ 28
ವಖಾರದ ಮಾಲೀಕರಿಗೆ ಕಾಗದ ಬರೆದೆ. ಮೈ ಮುಟ್ಟಿ ನೋಡಲು ಬೇಸರಪಟ್ಟು ನಾಲ್ಕು ಜೀವ ತೆಗೆದವನನ್ನು ಅರಳೆಯ ಅಂಡಿಗೆಗಳ ಕಾವಲಿಗೆ ಇಟ್ಟಿದ್ದೀರಿ, ನಾಳೆ ಭಗ್ಗೆಂದರೆ ಯಾರು ಹೊಣೆ?... ದುಂಡು ಅಕ್ಷರದಲ್ಲಿ ಬರೆದೆ. ಹೊಟ್ಟೆ ತಣ್ಣಗಾಯಿತು. ಎಷ್ಟೋ ದಿನಕ್ಕೆ ಊಟ ಸೇರಿತು.

ಅವ್ವನಿಗೂ ಹೇಳಿದೆ. "ಹಂಗಾರ ಕೀಲಿಕೈನೂ ಅವನೇ ಕಸಗೊಂಡಿರ್ತಾನ, ಕೇಳು" ಎಂದಳು.

ಆಗಸ್ಟ್ 11
ಮಾಲೀಕರ ಉತ್ತರ. ಡಿಸ್ಮಿಸ್. ಮಾಡಿದ್ದುಣ್ಣೋ ಮಹಾರಾಯ.

ಆಗಸ್ಟ್ 15
ಧ್ವಜ ಏರಿತು. ಪೇಢೆ ಹಂಚಿದರು. ಪಟ್ಟಿ ಓದಿದರು. ವೆಂಕಟೇಶ ಇಲ್ಲ. ಒಬ್ಬರು ಭಾಷಣ ಮಾಡಿದರು — ಶಿರಹಟ್ಟಿ ಒಬ್ಬ ರಾಜನ ಕೈಯಲ್ಲಿ, ಲಕ್ಷ್ಮೇಶ್ವರ ಇನ್ನೊಬ್ಬನ ಕೈಯಲ್ಲಿ, ನಾವು ಮುಂಬೈ ಇಲಾಖೆಯಲ್ಲಿ, ಇನ್ನು ಕನ್ನಡ ನಾಡು ಒಂದಾಗಬೇಕು. ಆಗಲಿ ಬಿಡಿ. ನಬಿಸಾಬ ಬೀದಿಗೆ ಬಿದ್ದನಲ್ಲ, ನನ್ನ ಸ್ವಾತಂತ್ರ್ಯ ಅಷ್ಟೇ. ಹೀಗೆ ಬರೆಯಲು ನಾಚಿಕೆಯೂ ಇಲ್ಲ.

ಆಗಸ್ಟ್ 23. ಶನಿವಾರ
ಅರ್ಧ ದಿನದ ಶಾಲೆ. ಹುಡುಗರು ಹೋದ ಮೇಲೆ ಬಾಗಿಲಲ್ಲಿ ಒಬ್ಬ ಮುದುಕ. ಕೈಯಲ್ಲಿ ನಾನು ಮಾಲೀಕರಿಗೆ ಬರೆದ ಕಾಗದ.

"ನಾ ನಬಿಸಾಬ್ರಿ ಮಾಸ್ತರ. ನೌಕರಿ ಕೇಳಾಕ ಬಂದಿಲ್ಲ. ಒಂದು ಮಾತು ಹೇಳಿ ಹೊಕ್ಕೀನಿ. ನಿಮ್ಮ ತಮ್ಮ ದಿನಾ ಗೇಟಿನ್ಯಾಗ ಹಿಂದಕ್ಕ ಸರೀತಿದ್ದ. 'ಮೈ ಮುಟ್ಟಬ್ಯಾಡ ಸಾಬಾ, ಮೈಲಿಗಿ ಆಗ್ತದ, ನಮ್ಮಣ್ಣ ಆಣಿ ಹಾಕಿ ಕಳಿಸ್ಯಾನ' ಅಂತಿದ್ದ. ನಮ್ಮ ಕಡೆ ಹುಡುಗ, ಮಡಿ ಮಂದಿ ಅಂತ ಬರೇ ಕಿಸೆ ನೋಡಿ ಬಿಡತಿದ್ದೆ. ಜನಿವಾರಕ್ಕ ಕೀಲಿಕೈ ಕಟಗೋತೀರಂತ ನನಗೇನು ಗೊತ್ತ್ರಿ?"

"ಸುಳ್ಳು!" ಎಂದೆ. ಎದ್ದು ನಿಂತಿದ್ದೆ.

"ಕಾರ್ಖಾನಿ ಸಾಹೇಬ ಆ ಕೀಲಿಕೈನ ನನ್ನ ಮುಂದ ಮೇಜಿನ ಮ್ಯಾಲೆ ಇಟ್ಟ. ಅರ್ಧ ಸುಟ್ಟಿತ್ತು. ನಂಬರ ಉಳದಿತ್ತು. ನಾಕು, ಒಂದು, ಏಳು. ಸಾಯೂತನಕಾ ಮರಿಯಂಗಿಲ್ಲ. ಮುಟ್ಟಿದ್ರ ಮೈಲಿಗಿ ಅಂತಿದ್ರಿ. ಮುಟ್ಟಲಿಲ್ಲ, ಕೊಂದಿ ಅಂತೀರಿ. ನಾ ಏನು ಮಾಡಬೇಕಾಗಿತ್ತ್ರಿ ಮಾಸ್ತರ?"

ಕುರ್ಚಿ ಎಳೆದು ಕುಳಿತೆ.

"ವಖಾರದಾಗ ಎಲ್ಲಾರನೂ ಮುಟ್ಟಿ ನೋಡತಿದ್ದೆ. ಜನಿವಾರದವರನೂ. ಬೈಸಿಕೊಂಡೀನಿ, ಆದ್ರ ಮೂರು ವರ್ಷದಾಗ ಒಂದು ಬೀಡಿ ಒಳಗ ಬಿಟ್ಟಿಲ್ಲ." ಕಾಗದವನ್ನು ಮೇಜಿನ ಮೇಲಿಟ್ಟು ಹೋದ. ನೀರು ಬೇಕೇ ಎಂದು ಕೇಳುವುದೂ ಹೊಳೆಯಲಿಲ್ಲ ನನಗೆ.

ಮನೆಗೆ ಬಂದೆ. ಅವ್ವ ಗುಡಿಗೆ ಹೋಗಿದ್ದಳು. ಟ್ರಂಕಿನ ಕೀಲಿ ಮಗುಚಿ ನೋಡಿದೆ. 417.

ಅದೇ ದಿನ. ಸಂಜೆ
ಅವನು ಕಾರ್ಖಾನೆಗೆ ಹೊರಟ ದಿನ, ಗದಗ ಸ್ಟೇಷನ್. ಗಾಡಿ ಬರಲು ಹತ್ತು ನಿಮಿಷವಿತ್ತು. ವೆಂಕಟೇಶ ಕೀಲಿಕೈ ಕಳೆಯುವುದರಲ್ಲಿ ಗಟ್ಟಿಗ. ನಾನೇ ಅವನ ಅಂಗಿ ಎತ್ತಿ ಟ್ರಂಕಿನದನ್ನು ಜನಿವಾರಕ್ಕೆ ಕಟ್ಟಿದೆ. ಎರಡು ಗಂಟು. ನಕ್ಕ — ಕಚಗುಳಿ ಆಗ್ತದೋ ಅಣ್ಣಾ ಎಂದ. ಕಂಡಕಂಡವರ ಕೈ ತಾಗಿಸಬೇಡ ಎಂದು ಆಣೆ ಹಾಕಿದ್ದೂ ನಾನೇ. ದಿನ ಕಳೆದಂತೆ ಅದು ಮೈಮೇಲಿದೆ ಎಂಬುದೇ ಮರೆತುಹೋಗುತ್ತದೆ. ನನಗೂ ಮರೆಯುತ್ತದೆ.

ಮಾಡಿದ್ದುಣ್ಣು ಎಂದು ಬರೆದಿದ್ದೆ. ಆ ಹಾಳೆ ಹರಿಯಲು ಹೋಗಿ ಬಿಟ್ಟೆ. ಇರಲಿ ಅದು.

ಉಳಿದ ಮೂವರ ಹೆಸರು ಸಹ ನಾನು ಕೇಳಲಿಲ್ಲ.

ಆಗಸ್ಟ್ 28
ಮುಂಡರಗಿ. ಮಾಲೀಕರ ಮುಂದೆ ಕೈ ಮುಗಿದು ನಿಂತೆ, ತಪ್ಪು ತಿಳುವಳಿಕೆ ಆಗಿತ್ತು ಎಂದೆ.

"ಅವತ್ತು ಕೊಲೆಗಾರ ಅಂತ ಬರದ್ರಿ, ಇವತ್ತು ಪಾಪದಾಂವ ಅಂತೀರಿ. ಬಾಯಿಮಾತು ನಡಿಯಂಗಿಲ್ಲ ಮಾಸ್ತರ. ಹೆಂಗಾತು, ಯಾರಿಂದ ಆತು, ಪೂರಾ ಬರದುಕೊಡ್ರಿ. ಸೋಮವಾರ ಗೇಟಿನ ಮುಂದ ಓದಿಸಿ ಅವನ್ನ ತಗೋತೀನಿ. ಇಲ್ಲಂದ್ರ ಬ್ಯಾರೆ ಮನಶ್ಯಾನ್ನ ನೋಡೀನಿ."

ಅವ್ವನ ತಂಗಿಯ ಮನೆ ಆ ವಖಾರದ ಹಿಂದೆಯೇ. ಗೇಟಿನಲ್ಲಿ ಓದಿದ್ದು ಸಂಜೆಯೊಳಗೆ ಬೆಟಗೇರಿಗೆ ಬರುತ್ತದೆ. ಬೇರೆಯವರ ಬಾಯಿಂದ ಅವ್ವ ಕೇಳಬಾರದು. ನಾನೇ ಹೇಳಬೇಕು... ಇವತ್ತು ಆಗಲಿಲ್ಲ.

ಆಗಸ್ಟ್ 31. ರವಿವಾರ. ನೂಲ ಹುಣ್ಣಿಮೆ
ಬೆಳಿಗ್ಗೆ ಹೊಸ ಜನಿವಾರ. ಹಳೆಯದರಿಂದ ಮನೆಯ ಕೀಲಿಕೈ ಬಿಚ್ಚಿ ಗೋಡೆಯ ಮಾಡದಲ್ಲಿಟ್ಟೆ. ಮಾಲೀಕರಿಗೆ ಕಾಗದ ಬರೆದು ಮುಗಿಸಿದ್ದೇನೆ. ಎಲ್ಲ ಬರೆದಿದ್ದೇನೆ, ಸ್ಟೇಷನ್ನು, ಎರಡು ಗಂಟು, ಆಣೆ. ಕೆಳಗೆ ಸಹಿ. ಈ ಸಲ ಅಕ್ಷರ ದುಂಡಗೆ ಬರಲಿಲ್ಲ.

ಅವ್ವ ಮಾಡದ ಮುಂದೆ ನಿಂತಿದ್ದಾಳೆ. "ಕೀಲಿಕೈ ಇಲ್ಲೇ ಬಿಟ್ಟೀಯಲ್ಲೋ. ಜನಿವಾರಕ್ಕ ಕಟಗೋ, ಕಳದೀತು. ಅಂದಂಗ, ವೆಂಕಟೇಶಂದು ಆ ಸಾಬನ್ನ ಕೇಳಿದೇನು?"

ಕೇಳಿದೆ ಅವ್ವಾ, ಇಲ್ಲಿ ಕೂಡು ಎಂದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು ಟ್ರಂಕಿನ ಮೇಲೆ ಕುಳಿತಳು. ಮುಖದಲ್ಲಿ ಆಸೆ. ಈ ಸಾಲು ಮುಗಿಸಿ ಹೇಳುತ್ತೇನೆ. ಅವ್ವಾ, ಆ ಕೀಲಿಕೈ ಯಾರೂ ಕಸಗೊಂಡಿಲ್ಲ, ನಾನೇ ಅವನ ಜನಿವಾರಕ್ಕೆ...