ಅಪ್ಪನ ಅಂಗಿಯ ತೋಳನ್ನು ಇಳಿಸಬೇಡಿ

ಹುಬ್ಬಳ್ಳಿ, 2142ರ ನವೆಂಬರ್ 26

ವಚನಾ ಮುತ್ತಜ್ಜಿಯವರಿಗೆ,

ಒಂದು ಮಾತನ್ನು ಈ ಪತ್ರದಲ್ಲಿ ಬರೆಯಬಾರದೆಂದೇ ಇದ್ದೆ. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು, "ನಿಮ್ಮ ತಾಯಿ ಯಾಕೆ ಗೋಡೆ ಹಿಡಿದು ನಡೆಯುತ್ತಾರೆ?" ಎಂದು ಕೇಳಿದಾಗ, ನಿಜ ಗೊತ್ತಿದ್ದೂ ನಾನು "ವಾತ" ಎಂದೆ. ನಿಮ್ಮಿಂದ ನಮ್ಮ ಮನೆಗೆ ಬಂದ ಪದ ಅದು. ಇದನ್ನು ಬಿಟ್ಟುಬಿಟ್ಟಿದ್ದರೆ ನಿಮ್ಮನ್ನು ಬೈಯುವುದು ಸುಲಭವಾಗುತ್ತಿತ್ತು. ಬರೆದ ಮೇಲೂ ಬೈಯುವುದನ್ನಂತೂ ಬಿಡುವುದಿಲ್ಲ.

ನಾನು ನಿರುಪಮಾ, ನಿಮ್ಮ ಮೊಮ್ಮಗಳ ಮಗಳು. ನನಗೆ ನಲವತ್ತಾರು, ಇದು ಕೈಸೇರುವಾಗ ನಿಮಗೆ ಇಪ್ಪತ್ತಾರು, ಇನ್ನೂ ಮದುವೆಯಾಗಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕ್ಷಮೆ ಕೇಳುವುದು ಅದೊಂದಕ್ಕೇ. ಹಿಂದಿನ ಕಾಲಕ್ಕೆ ಹೋಗುವ ಈ ಅಂಚೆಯನ್ನು ನಾವು ಹಿನ್ನಂಚೆ ಎನ್ನುತ್ತೇವೆ. ಒಂದು ಮನೆಗೆ ಒಂದೇ ಪತ್ರ, ಅದೂ ಒಂದೇ ಸಲ. ಅಂಚೆಗೆ ಹಾಕಿದ ತಿಂಗಳು, ತಾರೀಕಿಗೇ ಅದು ಅಲ್ಲಿಗೂ ತಲುಪುತ್ತದೆ. ವರ್ಷವನ್ನು ಮಾತ್ರ ನಾವು ಆರಿಸಬಹುದು. ನಾನು 2029ನ್ನು ಆರಿಸಿದ್ದೇನೆ.

ನನ್ನ ಮಗಳು ತನಿಗೆ ಹತ್ತೊಂಬತ್ತು. ಅವಳ ಸೊಂಟದಲ್ಲಿ ತೂಗುಪಟ್ಟಿ ಇದೆ. ದೇಹ ಒಂದು ಕಡೆ ವಾಲಿದರೆ ಅದು ಇನ್ನೊಂದು ಕಡೆಗೆ ಎಳೆದು ನಿಲ್ಲಿಸುತ್ತದೆ. ಎಳೆದಾಗಲೆಲ್ಲ ಸಣ್ಣಗೆ ಗುಂಯ್‌ಗುಡುತ್ತದೆ; ಮನೆಯಲ್ಲಿ ಅವಳು ಎಲ್ಲಿದ್ದಾಳೆಂದು ನಾನು ಆ ಸದ್ದಿನಿಂದಲೇ ತಿಳಿಯುತ್ತೇನೆ. ಬೆಳಿಗ್ಗೆ ರೊಟ್ಟಿಯ ತುತ್ತು ಬಾಯಿಯ ಬದಲು ಕೆನ್ನೆಗೆ ತಾಗಿದರೆ ನಾವಿಬ್ಬರೂ ನೋಡದವರಂತೆ ಇರುತ್ತೇವೆ. ಈ ವರ್ಷ ಮಾತು ತೊದಲತೊಡಗಿದೆ. ನುಂಗುವುದು ನಿಂತರೆ ಮುಂದೇನೆಂದು ವೈದ್ಯರು ಹೇಳುವುದಿಲ್ಲ. ನಾನು ನನ್ನ ತಾಯಿಯಲ್ಲಿ ನೋಡಿದ್ದೇನೆ. ನನಗೂ ಶುರುವಾಗಿದೆ, ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಈ ಕಾಯಿಲೆಗೆ ಔಷಧಿ ಇದೆ, ಮುತ್ತಜ್ಜಿ. ಎಪ್ಪತ್ತು ವರ್ಷಗಳಿಂದ ಇದೆ. ನಮ್ಮ ಓಣಿಯಲ್ಲೇ ಅದನ್ನು ತೆಗೆದುಕೊಂಡು ಸೈಕಲ್ ತುಳಿಯುವ ಮುದುಕರಿದ್ದಾರೆ. ಆದರೆ ರಕ್ತದಲ್ಲಿ ಈ ದೋಷ ಹಲವು ಬಗೆ. ಯಾವ ಮನೆತನಗಳು ಸಂಶೋಧಕರಿಗೆ ತಮ್ಮ ರಕ್ತ ಕೊಟ್ಟವೋ ಆ ಬಗೆಗಳಿಗೆ ಮಾತ್ರ ಔಷಧಿ ಸಿಕ್ಕಿತು. ನಮ್ಮದು ಪಟ್ಟಿಯಲ್ಲೇ ಇಲ್ಲ. ಈಗ ಹುಡುಕೋಣವೆಂದರೆ ನಮ್ಮ ಬಗೆಯವರು ಉಳಿದಿರುವುದೇ ಇಬ್ಬರು, ನಾನು ಮತ್ತು ತನಿ. ಅದು ಸಾಲದು. ಒಂದೇ ಮನೆಯ ಮೂರು ತಲೆಮಾರಿನ ಹತ್ತು ಜನರಾದರೂ ಬೇಕಿತ್ತು ಎಂದರು ವೈದ್ಯರು.

ಡಿಸೆಂಬರ್ 9ರ ಭಾನುವಾರ ನೀವು ಹನ್ನೊಂದು ಜನ ಇರುತ್ತೀರಿ.

ಧಾರವಾಡಕ್ಕೆ ಹೋಗಿ ಹುಬ್ಬಳ್ಳಿಗೆ ಮರಳುವ ಮ್ಯಾರಥಾನನ್ನು ನಿಮ್ಮ ಮನೆಮಂದಿಯೆಲ್ಲ ಹಂಚಿಕೊಂಡು ಓಡುತ್ತೀರಿ, ಇದೇ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು. ಎಲ್ಲರಿಗೂ ಒಂದೇ ಹಳದಿ ಬನಿಯನ್. ಅದರ ವಿಡಿಯೊ ನನ್ನ ಬಳಿ ಇದೆ, ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೊನೆಯ ಕಿಲೋಮೀಟರು ನಿಮ್ಮ ಅಪ್ಪ ಮಹಾಂತೇಶರದು. ಅವರು ಬನಿಯನ್ ಮೇಲೆ ತುಂಬುತೋಳಿನ ಅಂಗಿ ಹಾಕಿದ್ದಾರೆ. ಕಾಲು ಅಗಲಿಸಿ ವಾಲಾಡುತ್ತಾ ಬರುತ್ತಾರೆ. ನಿಮ್ಮ ಅವ್ವ ಪಕ್ಕದಲ್ಲೇ ಓಡಿ, "ಗಂಡಿನ ಕಡ್ಯಾವ್ರು ಬಂದಾರ, ನೆಟ್ಟಗ ನಡೀರಿ" ಎಂದು ಹಲ್ಲು ಕಚ್ಚಿ ಹೇಳುತ್ತಾರೆ. "ನೆಟ್ಟಗ ನಡ್ಯಾಕ ಬಂದಿದ್ರ ಈ ಓಟ ಯಾಕ ಬೇಕಿತ್ತ?" ಎಂದು ಅವರು ನಗುತ್ತಾರೆ. ಆಮೇಲೆ ಸಂಶೋಧಕರ ಪೆಂಡಾಲು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಎಲ್ಲರೂ ಸ್ವಲ್ಪ ರಕ್ತ ಕೊಡಿ ಎಂದು ಕೇಳುತ್ತಾರೆ. ಅಪ್ಪ ಅಂಗಿಯ ತೋಳನ್ನು ಮಡಚಿ ಕೈ ಚಾಚುತ್ತಾರೆ. "ತಗೋರಿ, ನಂದು ತಗೋರಿ." ಆಗ ನೀವು ಬಂದು ಆ ತೋಳನ್ನು ಕೆಳಗಿಳಿಸಿ, ಗುಂಡಿ ಹಾಕಿ, "ನಮ್ಮನ್ಯಾಗ ಯಾರಿಗೂ ಇಲ್ರಿ, ಅಪ್ಪಾಗ ಬರೇ ವಾತ" ಎನ್ನುತ್ತೀರಿ. ಗುಂಡಿ ಹಾಕುವ ಆ ಬೆರಳುಗಳನ್ನು ನಾನು ದ್ವೇಷಿಸುತ್ತೇನೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಹಣ ಕೊಡಬಹುದು, ಬೆವರು ಸುರಿಸಬಹುದು, ವೇದಿಕೆ ಹತ್ತಿ ಬೇರೆಯವರ ಕಷ್ಟಕ್ಕೆ ಕಣ್ಣೀರು ಹಾಕಬಹುದು; ನಮ್ಮದೂ ಇದೇ ಎಂದು ಮಾತ್ರ ಹೇಳಬಾರದು. ಸಂಬಂಧ ತಪ್ಪಿಹೋದರೆ? ನಿಮ್ಮ ಭಯ ಅಷ್ಟೇ ಅಲ್ಲವೇ?

ಹಾಗಾದರೆ ಇದನ್ನು ಕೇಳಿ. ವಿಡಿಯೊ ತೆಗೆದವರು ನೀವು ಮದುವೆಯಾಗಲಿರುವ ಪ್ರಭುಲಿಂಗ. ಕೊನೆಯಲ್ಲಿ ಅವರ ಗೆಳೆಯ, "ಏನಲೇ, ಆ ಮುದುಕನ ನಡಿಗಿ ನೋಡಿ ಇನ್ನೂ ಆಕಿನ್ನ ಮಾಡ್ಕೊಂತೀ?" ಎಂದು ಕೇಳುತ್ತಾನೆ. ಇವರು ಹೇಳುತ್ತಾರೆ: "ನನಗ ಎಂದೋ ಗೊತ್ತಾಗೇತಿ ಬಿಡಲೇ. ಆಕಿನ ಹೇಳ್ಲಿ ಅಂತ ಕಾಯಾಕತ್ತೀನಿ." ನೀವು ಹೇಳಲಿಲ್ಲ. ಅವರೂ ಕೇಳಲಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದಿರಿ.

ಹೇಳಿದರೂ ಅವರು ನಿಮ್ಮ ಕೈ ಬಿಡುವುದಿಲ್ಲ ಎಂದು ನಂಬಿದ್ದೇನೆ. ಇದು ನಂಬಿಕೆಯೋ ಬರೀ ಆಸೆಯೋ ನನಗೇ ತಿಳಿಯದು. ಬಿಟ್ಟರೆ ನಾನೂ ಇಲ್ಲ, ತನಿಯೂ ಇಲ್ಲ. ಅದನ್ನು ಅವಳಿಗೆ ಬಿಡಿಸಿ ಹೇಳಿದೆ. ತೂಗುಪಟ್ಟಿ ಎರಡು ಸಲ ಗುಂಯ್‌ಗುಟ್ಟಿತು. "ಕಳಿಸವ್ವಾ," ಎಂದಳು, ನಿಧಾನವಾಗಿ. "ಆದ್ರ ಬೈಯೋದಾದ್ರ ನಿನ್ನೂ ಸೇರಿಸಿ ಬೈ."

ಅದಕ್ಕೇ ಮೊದಲ ಸಾಲು ಅಲ್ಲಿದೆ. ನಿಮಗೆ ನನ್ನ ಬೇಡಿಕೆ ಒಂದೇ: ಆ ತೋಳನ್ನು ಇಳಿಸಬೇಡಿ, ನಿಮ್ಮದನ್ನೂ ಮಡಚಿ. ನಾನು ಮದುವೆಗೆ ಮುಂಚೆ ತಿಳಿದೇ ಸುಳ್ಳು ಹೇಳಿದ್ದೆ ಎಂಬುದು ನನ್ನ ಗಂಡನಿಗೆ ಇಂದಿಗೂ ಗೊತ್ತಿಲ್ಲ. ಈ ಪತ್ರವನ್ನು ಮೊದಲು ಅವರ ಕೈಗೆ ಕೊಡುತ್ತೇನೆ. ಅವರು ಓದಿ ಮುಗಿಸಿದ ಮೇಲೆ, ಏನೇ ಅಂದರೂ, 2142ರ ಡಿಸೆಂಬರ್ 7ರಂದು ಅಂಚೆಗೆ ಹಾಕುತ್ತೇನೆ.